ಹೊರೆ ಮತ್ತು ಹೊರುವವರು

ಊರಿಂದೂರಿಗೆ ಹೋಗುವವನಿಗೆ ದಾರಿಯ ಚಿಂತೆಗಿಂತ ಗಂಟಿನ ಚಿಂತೆಯೇ ಹೆಚ್ಚು. ದಾರಿಯು ತನ್ನ ಪಾಡಿಗೆ ತಾನು ಇದ್ದಲ್ಲಿಯೇ ಇರುತ್ತದೆ. ಗಂಟಾದರೋ ನಮ್ಮೊಡನೆ ಬರಬೇಕು, ಇಳಿದಲ್ಲೆಲ್ಲ ಇಳಿಯಬೇಕು, ಏರಿದಲ್ಲೆಲ್ಲ ಏರಬೇಕು. ಒಂದೇ ಊರಿಗೆ ಹೋಗಿ ಬರುವವನ ಪಾಡು ಹೇಗೋ ಕಳೆಯುತ್ತದೆ. ನಾಲ್ಕಾರು ಊರುಗಳನ್ನು ಸುತ್ತಿ ತಿಂಗಳ ಮೇಲೆ ಮನೆ ಸೇರುವವನು ಮಾತ್ರ, ಯಾವುದನ್ನು ಕೈಯಲ್ಲಿ ಹಿಡಿಯಬೇಕು, ಯಾವುದನ್ನು ನಡುದಾರಿಯಲ್ಲಿ ಇರಿಸಬೇಕು, ಯಾವುದನ್ನು ಯಾರ ಹೆಗಲಿಗೆ ಒಪ್ಪಿಸಬೇಕು ಎಂಬ ಲೆಕ್ಕವನ್ನು ತಂಗಿದ ಕಡೆಯಲ್ಲೆಲ್ಲ ಹೊಸದಾಗಿ ಹಾಕಬೇಕಾಗುತ್ತದೆ. ರಾಜರ ದಂಡಯಾತ್ರೆಗಳನ್ನೂ ಯತಿಗಳ ಸಂಚಾರಗಳನ್ನೂ ವರ್ತಕರ ಪ್ರಯಾಣಗಳನ್ನೂ ನಾವು ಆಸಕ್ತಿಯಿಂದ ಓದುತ್ತೇವೆ. ಅವರ ಹಿಂದೆ ಬಂದ ಮೂಟೆಗಳನ್ನು ಹೊತ್ತವರು ಯಾರೆಂದು ಕೇಳುವುದನ್ನು ಮರೆಯುತ್ತೇವೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಹುಟ್ಟಿ, ಅಲ್ಲಿಯೇ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನನಗೆ, ಈ ಪ್ರಶ್ನೆಗೆ ನಮ್ಮ ನೆಲದಲ್ಲಿ ದೊರೆಯುವಷ್ಟು ಒಳ್ಳೆಯ ಉತ್ತರವು ಬೇರೆಡೆ ದೊರೆಯಲಾರದೆಂದು ತೋರುತ್ತದೆ. ಅದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನ ವಿಚಾರ. ಸಂಸ್ಕೃತದಲ್ಲಿ ‘ಭೃ’ ಎಂಬ ಧಾತುವಿಗೆ ಧಾರಣ, ಪೋಷಣ ಎಂದು ಎರಡರ್ಥ. ಆದುದರಿಂದಲೇ ಹೊರೆಗೆ ‘ಭಾರ’ವೆಂದೂ, ಸಲಹುವವನಿಗೆ ‘ಭರ್ತೃ’ವೆಂದೂ, ಕೂಲಿಗೆ ‘ಭೃತಿ’ಯೆಂದೂ ಹೆಸರಾಯಿತು. ನಮ್ಮ ಕನ್ನಡದಲ್ಲಿ ಭಾರವೆಂಬ ಅರ್ಥದ ‘ಪೊಱೆ’ಯೂ ಕಾಪಾಡು ಎಂಬ ಅರ್ಥದ ‘ಪೊರೆ’ಯೂ ಮೊದಲು ಬೇರೆ ಬೇರೆ ಶಬ್ದಗಳು, ಒಂದರಲ್ಲಿ ಶಕಟರೇಫ, ಇನ್ನೊಂದರಲ್ಲಿ ಸಾಮಾನ್ಯ ರೇಫ. ಶಕಟರೇಫವು ಬಳಕೆ ತಪ್ಪಿ, ಪಕಾರವು ಹಕಾರವಾದ ಮೇಲೆ, ಎರಡೂ ‘ಹೊರೆ’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಶಕಟವೆಂದರೆ ಬಂಡಿ, ಹೊರೆಯನ್ನು ಬಿಟ್ಟು ಬಂಡಿಯೇ ಇಳಿದು ಹೋಯಿತೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ವಿನೋದವಾಗಿ ಹೇಳುತ್ತಿದ್ದುದು ಈಗಲೂ ನೆನಪಿದೆ. ವಿನೋದವು ಹಾಗಿರಲಿ. ಹೊರುವುದಕ್ಕೂ ಪೊರೆಯುವುದಕ್ಕೂ ನಿಜವಾಗಿಯೇ ನಂಟುಂಟೇ ಎಂಬುದನ್ನು ಚರಿತ್ರೆಯಿಂದ ಪರೀಕ್ಷಿಸಿ ನೋಡೋಣ.

ನಮ್ಮ ಮೂರು ಊರುಗಳ ನೆಲೆಯೇ ವಿಶೇಷವಾದುದು. ಪಶ್ಚಿಮಕ್ಕೆ ಬಾಬಾ ಬುಡನ್ ಗಿರಿಶ್ರೇಣಿ, ಅದರಾಚೆ ಮಲೆನಾಡು. ಪೂರ್ವಕ್ಕೆ ಚಿತ್ರದುರ್ಗದ ಕಡೆಗೆ ಹರಡಿದ ಬಯಲು. ತರೀಕೆರೆಯು ಕಾಡಿನ ಬಾಗಿಲಲ್ಲಿ ಕುಳಿತಿದೆ. ಕಡೂರು, ಅಜ್ಜಂಪುರಗಳು ಬಯಲಿಗೆ ಮುಖಮಾಡಿವೆ. ಅಡಕೆ, ಮೆಣಸು, ಏಲಕ್ಕಿ, ಮುಂದೆ ಕಾಫಿ, ಇವು ಮೇಲಿನಿಂದ ಇಳಿಯಬೇಕು; ಬಟ್ಟೆ, ರಾಗಿ, ಬೇಳೆಗಳು ಕೆಳಗಿನಿಂದ ಏರಬೇಕು; ಉಪ್ಪು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ಬಂಡಿಯ ದಾರಿಗಳಿಲ್ಲದ ಕಾಲದಲ್ಲಿ ಇವೆಲ್ಲವೂ ಎತ್ತಿನ ಬೆನ್ನಿನ ಮೇಲೆಯೇ ಸಾಗುತ್ತಿದ್ದವು. ಎತ್ತಿನ ಬೆನ್ನಿನ ಎರಡು ಪಕ್ಕಕ್ಕೂ ಸಮತೂಕವಾಗಿ ಇಳಿಬಿಟ್ಟ ಚೀಲಕ್ಕೆ ಹೇರು ಎಂದು ಹೆಸರು. ಶಾಸನಗಳಲ್ಲಿ ಸುಂಕದ ಮಾತು ಬಂದಾಗ ‘ಪೇರು’ ‘ಹೇರು’ಗಳ ಲೆಕ್ಕವೇ ಬರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಮೂಹವು ದೇಶದೇಶಗಳನ್ನು ಸುತ್ತಿದುದು ಈ ಹೇರುಗಳ ಬಲದಿಂದಲೇ. ಸಂಸ್ಕೃತದಲ್ಲಿ ಇಂಥ ತಂಡಕ್ಕೆ ‘ಸಾರ್ಥ’ವೆಂದೂ, ಅದರ ಮುಂದಾಳುವಿಗೆ ‘ಸಾರ್ಥವಾಹ’ನೆಂದೂ ಹೆಸರು. ನಡೆಸುವವನನ್ನು ನೆನೆಯುತ್ತೇವೆ, ನಡೆದು ಹೊತ್ತವರನ್ನು ನೆನೆಯುವುದಿಲ್ಲ.

ಈ ಹೇರುಗಳನ್ನು ಬಹುಕಾಲ ನಡೆಸಿದವರು ಲಂಬಾಣಿಗರು, ಕೊರಚರು, ಕೊರಮರು. ಲಂಬಾಣಿಗರು ನೂರಾರು ಎತ್ತುಗಳೊಡನೆ ಸಂಸಾರ ಸಮೇತರಾಗಿ ಸಂಚರಿಸುತ್ತಿದ್ದರು; ಕೊರಚ ಕೊರಮರು ಎತ್ತು ಕತ್ತೆಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹಳ್ಳಿಹಳ್ಳಿಗೆ ತಲಪಿಸುತ್ತಿದ್ದರು. ಇವರಿಗೆ ಪ್ರಯಾಣವೆಂಬುದು ಮನೆ ಬಿಟ್ಟು ಹೋಗುವುದಲ್ಲ, ಮನೆಯೇ ಹೋಗುವುದು. ಆದಕಾರಣ ಹೊರೆಯನ್ನು ಕಟ್ಟುವ ಬಿಚ್ಚುವ ಕ್ರಮವು ಇವರಲ್ಲಿ ವಿದ್ಯೆಯಾಗಿ ಬೆಳೆದಿತ್ತು. ತಂಗಿದಲ್ಲಿ ಹೇರುಗಳನ್ನು ಇಳಿಸಿ ಕೋಟೆಯಂತೆ ಸುತ್ತ ಒಟ್ಟುವುದು, ಎತ್ತುಗಳನ್ನು ಮೇವಿಗೆ ಬಿಡುವುದು, ಬೆನ್ನು ಹುಣ್ಣಾದ ಎತ್ತಿಗೆ ಹೊರೆ ತಪ್ಪಿಸಿ ಬರಿಮೈಯಲ್ಲಿ ನಡೆಸುವುದು, ಇವು ದಿನದಿನದ ಕೆಲಸ. ಎತ್ತು ಸತ್ತರೆ ಹೊರೆ ನಿಲ್ಲುತ್ತದೆ; ಹೊರೆ ನಿಂತರೆ ಒಲೆ ನಿಲ್ಲುತ್ತದೆ. ಹೊರುವ ಪ್ರಾಣಿಯ ಕ್ಷೇಮವೇ ತಮ್ಮ ಕ್ಷೇಮವೆಂಬುದನ್ನು ಇವರಿಗೆ ಯಾವ ಗ್ರಂಥವೂ ಕಲಿಸಬೇಕಾಗಿರಲಿಲ್ಲ.

ಇದಕ್ಕೆ ವಿರುದ್ಧವಾದ ಪದ್ಧತಿಯೂ ಒಂದಿತ್ತು, ಅದು ಬಿಟ್ಟಿ. ಸರ್ಕಾರದ ಅಧಿಕಾರಿಯು ಮೊಕ್ಕಾಮಿನಿಂದ ಮೊಕ್ಕಾಮಿಗೆ ಹೋಗುವಾಗ ಅವನ ಡೇರೆ, ಪೆಟ್ಟಿಗೆ, ಪಾತ್ರೆ ಪಡಗಗಳನ್ನು ಒಂದು ಗ್ರಾಮದವರು ಮುಂದಿನ ಗ್ರಾಮದ ಎಲ್ಲೆಯವರೆಗೆ ಕೂಲಿಯಿಲ್ಲದೆ ಹೊತ್ತು ಒಪ್ಪಿಸಬೇಕಾಗಿತ್ತು. ಹೊರುವವನ ಹೊಟ್ಟೆ ತುಂಬಿದೆಯೇ, ಅವನ ಹೊಲದಲ್ಲಿ ಉಳುಮೆ ನಿಂತಿದೆಯೇ ಎಂದು ಕೇಳುವವರಿಲ್ಲ. ‘ಬಿಟ್ಟಿ ಕೆಲಸ’ವೆಂಬ ಮಾತು ನಮ್ಮ ನುಡಿಯಲ್ಲಿ ಇಂದಿಗೂ ಎಷ್ಟು ತಾತ್ಸಾರದಿಂದ ಬಳಕೆಯಾಗುತ್ತಿದೆಯೆಂಬುದನ್ನು ಗಮನಿಸಿದರೆ, ಆ ಹೊರೆಯ ಕಹಿಯು ಎಷ್ಟಿದ್ದಿರಬೇಕೆಂದು ಊಹಿಸಬಹುದು.

ಇನ್ನು ನಮ್ಮ ಸೀಮೆಯ ಕೀರ್ತಿಗೆ ಕಾರಣವಾದ ಅಮೃತಮಹಲಿನ ವಿಚಾರಕ್ಕೆ ಬರೋಣ. ೧೬೭೨ರಿಂದ ೧೭೦೪ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸಲು ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಹೆಸರು ಹಾಲಿನದಾದರೂ ಕೀರ್ತಿ ಹೆಗಲಿನದು. ಈ ಆಕಳುಗಳು ಹಾಲು ಕೊಡುವುದು ಸ್ವಲ್ಪ. ಆದರೆ ಅವುಗಳ ಹೋರಿಗರುಗಳು ಬೆಳೆದು ಎತ್ತುಗಳಾದರೆ, ನಡೆಯಲ್ಲಿ ಕುದುರೆಗೆ ಸಾಟಿ, ತಾಳ್ಮೆಯಲ್ಲಿ ಅದಕ್ಕೂ ಮಿಗಿಲು. ಹಿಂದಕ್ಕೆ ಬಾಗಿದ ಚೂಪಾದ ನೀಳ ಕೊಂಬು, ಬೂದು ಬಣ್ಣ, ಬಿಗಿಯಾದ ಮೈಕಟ್ಟು, ಇವು ತಳಿಯ ಲಕ್ಷಣಗಳು. ಇವುಗಳಿಗಾಗಿ ‘ಕಾವಲು’ಗಳೆಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಬೀರೂರು, ಅಜ್ಜಂಪುರಗಳ ಸುತ್ತಲಿನ ಕಾವಲುಗಳು ಇವುಗಳಲ್ಲಿ ಸೇರಿದವು. ಹೊರೆ ಹೊರಬೇಕಾದ ದಿನಕ್ಕಿಂತ ಎಷ್ಟೋ ವರ್ಷಗಳ ಮುಂಚೆಯೇ ಪೊರೆಯುವ ಕೆಲಸವು ಆರಂಭವಾಗುತ್ತಿತ್ತೆಂಬುದು ಇಲ್ಲಿ ಗಮನಾರ್ಹ.

ಇದರ ಫಲವು ಯುದ್ಧಗಳಲ್ಲಿ ಕಂಡಿತು. ಹೈದರ್ ಅಲಿಯು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದುದೂ, ಟಿಪ್ಪುವು ನಗರವನ್ನು ಮರಳಿ ಪಡೆಯುವುದಕ್ಕಾಗಿ ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದುದೂ, ಜನರಲ್ ಮೆಡೋಸನ ಮುಂದೆ ಎರಡು ದಿನಗಳಲ್ಲಿ ೬೩ ಮೈಲಿ ಸಾಗಿದುದೂ ಈ ಎತ್ತುಗಳ ಬಲದಿಂದಲೇ ಎಂದು ಪ್ರಸಿದ್ಧವಾಗಿದೆ. ಸೈನಿಕನ ಕಾಲು ಎಷ್ಟು ಚುರುಕಾಗಿದ್ದರೂ ಸೈನ್ಯದ ನಡೆಯು ಅದರ ಸಾಮಾನಿನ ನಡೆಗಿಂತ ಮುಂದೆ ಹೋಗಲಾರದು. ಗುಂಡು, ಮದ್ದು, ಅಕ್ಕಿ, ಡೇರೆ, ಇವು ಹಿಂದುಳಿದರೆ ಮುಂದೆ ಹೋದವನು ಬರಿಗೈಯವನು.

ಇದಕ್ಕೆ ಎದುರಾದ ಉದಾಹರಣೆಯು ಲಾರ್ಡ್ ಕಾರನ್‌ವಾಲಿಸನದು. ೧೭೯೧ರ ಮೇ ತಿಂಗಳಲ್ಲಿ ಅವನು ಶ್ರೀರಂಗಪಟ್ಟಣದ ಸಮೀಪದವರೆಗೂ ಬಂದು, ೧೫ನೆಯ ತಾರೀಖಿನಂದು ಕಾಳಗದಲ್ಲಿ ಮೇಲುಗೈಯನ್ನೂ ಪಡೆದನು. ಆದರೆ ಮುತ್ತಿಗೆ ಹಾಕಲಾಗಲಿಲ್ಲ. ಮುಂಗಾರು ಮಳೆ ಹಿಡಿದಿತ್ತು. ಟಿಪ್ಪುವಿನ ಸವಾರರು ಸುತ್ತಣ ಮೇವನ್ನು ನಾಶಪಡಿಸಿದ್ದರು. ರೋಗವೂ ಸೇರಿ ಬಂಡಿಯೆತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಒಡೆಯಿಸಿ ಅವನು ಬೆಂಗಳೂರಿಗೆ ಹಿಮ್ಮೆಟ್ಟಿದನು. ದಾರಿಯಲ್ಲಿ ಮರಾಠರ ಸೈನ್ಯವು ಎದುರಾಗಿ, ಅವರ ಪಾಳೆಯದ ಅಂಗಡಿಗಳಲ್ಲಿ ಧಾನ್ಯವು ದೊರೆತುದರಿಂದ ಹಸಿದ ಸಿಪಾಯಿಗಳ ಪ್ರಾಣವುಳಿಯಿತು. ಮುಂದೆ ೧೭೯೨ರ ಫೆಬ್ರವರಿಯಲ್ಲಿ ಮರಳಿ ಬಂದಾಗ ಅವನಿಗೆ ಧಾನ್ಯ ತಂದುಕೊಟ್ಟವರಲ್ಲಿ ಲಂಬಾಣಿಗರು ಮುಖ್ಯರು. ಯುದ್ಧದಲ್ಲಿ ಗೆದ್ದವನನ್ನು ಹೊರೆಯು ಸೋಲಿಸಿತು. ಅವನ ಎತ್ತುಗಳಲ್ಲಿ ಬಹುಪಾಲು ಗುತ್ತಿಗೆಗೆ ಹಿಡಿದವು. ಮಳೆಯನ್ನೂ ರೋಗವನ್ನೂ ಯಾರೂ ತಪ್ಪಿಸಲಾರರು. ಆದರೆ ಬಾಡಿಗೆಯ ಎತ್ತಿನ ಹಸಿವನ್ನು ತನ್ನ ಹಸಿವೆಂದು ತಿಳಿಯುವವನು ಗುತ್ತಿಗೆದಾರನೂ ಅಲ್ಲ, ದಂಡನಾಯಕನೂ ಅಲ್ಲ.

ಈ ಪಾಠವನ್ನು ಚೆನ್ನಾಗಿ ಕಲಿತವನು ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಮೃತಮಹಲಿನ ಮಂದೆಗಳು ಗೆದ್ದವರ ವಶಕ್ಕೆ ಬಂದವು. ನಮ್ಮ ನೆರೆಯ ಚನ್ನಗಿರಿಯಲ್ಲಿ ಹುಟ್ಟಿ, ಟಿಪ್ಪುವಿನ ಸೆರೆಯಿಂದ ಹೊರಬಿದ್ದು, ಬಿದನೂರು ಸೀಮೆಯನ್ನೆಲ್ಲ ಕಲಕಿದ ಧೊಂಡಿಯ ವಾಘನನ್ನು ವೆಲ್ಲೆಸ್ಲಿಯು ತಿಂಗಳುಗಟ್ಟಲೆ ಬೆನ್ನಟ್ಟಿ, ೧೮೦೦ರ ಸೆಪ್ಟೆಂಬರ್ ೧೦ರಂದು ಕೊನೆಗಾಣಿಸಿದನು. ಹಗುರವಾಗಿ ಓಡುವ ಸವಾರರನ್ನು ಭಾರವುಳ್ಳ ಸೈನ್ಯವು ಹಿಡಿಯುವುದು ಸುಲಭದ ಮಾತಲ್ಲ. ಬಾಡಿಗೆಯ ಎತ್ತುಗಳನ್ನು ನಂಬಲಾಗದು, ಸರ್ಕಾರವೇ ಎತ್ತುಗಳನ್ನು ಸಾಕಬೇಕು, ಅವುಗಳಿಗೆ ಕ್ರಮವಾದ ಆರೈಕೆಯಿರಬೇಕು ಎಂಬುದು ಅವನು ಪುನಃ ಪುನಃ ಒತ್ತಿ ಹೇಳಿದ ಮಾತು. ಮುಂದೆ ಸ್ಪೇನ್ ದೇಶದ ಯುದ್ಧದಲ್ಲಿ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲಾ ಎಂದು ಅವನು ಹಲುಬಿದನೆಂದು ಹೇಳುತ್ತಾರೆ. ಅಷ್ಟಾದರೂ, ೧೮೬೦ರಲ್ಲಿ ಖರ್ಚಿನ ನೆವದಿಂದ ಈ ಮಂದೆಗಳನ್ನು ಒಡೆದು ಮಾರಿಬಿಟ್ಟರು. ಒಳ್ಳೆಯ ಎತ್ತುಗಳ ಕೊರತೆಯು ಬೇಗನೆ ಕಾಣಿಸಿಕೊಂಡು, ೧೮೬೬ರಲ್ಲಿ ಅವನ್ನು ಮತ್ತೆ ಕೂಡಿಸಬೇಕಾಯಿತು. ಪೊರೆಯುವ ವೆಚ್ಚವನ್ನು ಉಳಿಸಿದವರು ಆರು ವರ್ಷಗಳೊಳಗೆ ಅದನ್ನು ಮತ್ತೊಮ್ಮೆ ತೆರಬೇಕಾಯಿತೆಂದರೆ ಸಾಕು.

ಇಷ್ಟರಲ್ಲಿ ಬಂಡಿಯ ಕಾಲವು ಬಂದಿತ್ತು. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ರಸ್ತೆಗಳೂ ಸೇತುವೆಗಳೂ ಆದುವು. ಹೇರೆತ್ತಿನ ದಾರಿಯಲ್ಲಿ ಗಾಲಿಗಳು ಉರುಳತೊಡಗಿದುವು. ೧೮೬೩ರಲ್ಲಿ ಕಡೂರಿನ ಹೆಸರಿನಲ್ಲಿ ಒಂದು ಜಿಲ್ಲೆಯಾಯಿತು. ಆದರೆ ೧೮೬೫ರಲ್ಲಿಯೇ ಕಚೇರಿಗಳು ತಮ್ಮ ದಫ್ತರಗಳ ಮೂಟೆಗಳನ್ನು ಕಟ್ಟಿಕೊಂಡು ಚಿಕ್ಕಮಗಳೂರಿಗೆ ನಡೆದುವು; ಹೆಸರು ಮಾತ್ರ ೧೯೪೭ರವರೆಗೂ ಕಡೂರಿನದೇ ಉಳಿಯಿತು. ಪ್ರಯಾಣ ಹೊರಟವನು ಒಂದು ಸಾಮಾನನ್ನು ಮರೆತು ಹೋಗುವಂತೆ, ಜಿಲ್ಲೆಯು ತನ್ನ ಹೆಸರನ್ನು ಇಲ್ಲಿ ಬಿಟ್ಟು ಹೋಗಿ ಎಂಭತ್ತು ವರ್ಷಗಳ ಮೇಲೆ ನೆನೆದುಕೊಂಡಿತೆಂದು ನಾನು ಹುಡುಗರಿಗೆ ಹೇಳಿ ನಗಿಸುತ್ತಿದ್ದೆನು.

ಹೊಗೆಬಂಡಿಯು ಬಂದ ಮೇಲೆ ಹೊರೆಯ ಚರಿತ್ರೆಯು ಪೂರ್ತಿಯಾಗಿ ಮಗುಚಿತು. ೧೮೮೯ರ ವೇಳೆಗೆ ಬೆಂಗಳೂರಿನಿಂದ ಹರಿಹರದವರೆಗೆ ಮೀಟರ್ ಗೇಜಿನ ಹಳಿ ಸಿದ್ಧವಾಗಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟು ತರೀಕೆರೆಯನ್ನು ಮುಟ್ಟಿತು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡು ಅಡಿ ಅಗಲದ ಸಣ್ಣ ಹಳಿಯೊಂದು ಕೆಲವು ಕಾಲ ಕಾಡಿನೊಳಕ್ಕೂ ಹೋಗಿದ್ದಿತು. ಇದರಿಂದ ಬೀರೂರು ನಮ್ಮ ಸೀಮೆಯ ಮೂಟೆಗಳೆಲ್ಲ ಇಳಿದು ಏರುವ ಜಂಕ್ಷನ್ ಆಯಿತು. ಅಜ್ಜಂಪುರದವನು ರೈಲಿನಲ್ಲಿ ತರೀಕೆರೆಗೆ ಹೋಗಬೇಕಾದರೆ ಬೀರೂರಿನಲ್ಲಿ ಇಳಿಯಬೇಕು. ತರೀಕೆರೆಯವನು ಕಡೂರು ಅರಸೀಕೆರೆಗಳ ಕಡೆಗೆ ಹೋಗುವುದೂ ಬೀರೂರಿನ ಮೇಲೆಯೇ. ತಿಂಗಳು ದಾರಿ ಸವೆಸಬೇಕಾಗಿದ್ದ ಹೊರೆಯನ್ನು ಒಂದು ಹಗಲಿನಲ್ಲಿ ಎಳೆಯುವ ಯಂತ್ರಕ್ಕೆ ಮೇವು ಬೇಡ, ಕಲ್ಲಿದ್ದಲು ಸಾಕು.

ಆದರೆ ಹೇರೆತ್ತಿನವರ ಗತಿಯೇನು? ಉಪ್ಪು ರೈಲಿನಲ್ಲಿ ಬರತೊಡಗಿದ ಮೇಲೆ ಕೊರಮನ ಕತ್ತೆಯನ್ನು ಕೇಳುವವರಿಲ್ಲವಾಯಿತು. ಲಂಬಾಣಿಗರ ಸಾರ್ಥಗಳು ಚೆದುರಿ ತಾಂಡಾಗಳಾಗಿ ನೆಲೆನಿಂತವು. ನಮ್ಮ ತರೀಕೆರೆ, ಅಜ್ಜಂಪುರ, ಕಡೂರುಗಳ ಸುತ್ತಲಿನ ತಾಂಡಾಗಳನ್ನು ವಾಚಕರು ಬಲ್ಲರು. ಕೆಲಸ ಕಳೆದುಕೊಂಡು ಅಲೆಯುವವರನ್ನು ಕಂಡರೆ ಸರ್ಕಾರಕ್ಕೆ ಸಂಶಯ. ೧೮೭೧ರಲ್ಲಿ ಇಂಗ್ಲೀಷರು ಮಾಡಿದ ಅಪರಾಧಿ ಬುಡಕಟ್ಟುಗಳ ಶಾಸನವು ಕ್ರಮೇಣ ಒಂದೊಂದೇ ಪ್ರಾಂತಕ್ಕೆ ವಿಸ್ತರಿಸಿ, ಇಂಥ ಸಂಚಾರಿ ಜನಗಳಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹೆಸರು ಹಚ್ಚಿತು. ೧೯೫೨ರಲ್ಲಿ ಆ ಶಾಸನವು ರದ್ದಾಯಿತು. ಹಣೆಪಟ್ಟಿಯು ಅಷ್ಟು ಬೇಗ ಅಳಿಯಲಿಲ್ಲ. ದೇಶದ ಉಪ್ಪನ್ನು ಶತಮಾನಗಳ ಕಾಲ ನಂಬಿಕೆಯಿಂದ ಹೊತ್ತು ತಂದವರಿಗೆ, ಹೊರೆ ಇಳಿದ ಕೂಡಲೆ ದೊರೆತ ಕೂಲಿಯಿದು. ಉಪ್ಪಿನ ಋಣವೆಂಬ ಮಾತನ್ನು ನಾವು ಬಾಯಲ್ಲಿ ಆಡುತ್ತೇವೆ. ಉಪ್ಪು ತಂದವರ ಋಣವನ್ನು ಲೆಕ್ಕಕ್ಕೆ ತರುವುದಿಲ್ಲ.

ಇಲ್ಲಿಯವರೆಗೆ ಪರರ ಕಥೆಯಾಯಿತು. ಇನ್ನು ಇದೇ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳದೆ ಹೋದರೆ ಈ ಲೇಖನವು ಪ್ರಾಮಾಣಿಕವಾಗದು.

೧೯೭೫ರಲ್ಲಿ, ನನಗೆ ಹದಿನಾರು ವರ್ಷವಾಗಿದ್ದಾಗ, ಸಂಸ್ಕೃತ ವ್ಯಾಸಂಗಕ್ಕೆಂದು ತೀರ್ಥರೂಪರು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೊರಟರು. ಹೋಗುವಾಗ ತರೀಕೆರೆಯಲ್ಲಿ ಸೋದರತ್ತೆಯ ಮನೆಯಲ್ಲಿ ಎರಡು ದಿನ, ಕಡೂರಿನಲ್ಲಿ ಬಂಧುಗಳಲ್ಲಿ ಒಂದು ರಾತ್ರಿ, ಆಮೇಲೆ ಅರಸೀಕೆರೆ ಹಾಸನಗಳ ಮೇಲೆ ಮೈಸೂರು ಎಂದು ಗೊತ್ತಾಗಿತ್ತು. ಹಳ್ಳಿಯಿಂದ ಅಜ್ಜಂಪುರದ ನಿಲ್ದಾಣಕ್ಕೆ ಬಂಡಿ. ತಂದೆಯವರು ಸಾಮಾನನ್ನು ಏರಿಸುವುದರಲ್ಲಿ ಬಹಳ ಕಟ್ಟುನಿಟ್ಟಿನವರು. ಭಾರವಾದುದು ಅಚ್ಚಿನ ನೇರಕ್ಕೆ ಇರಬೇಕು. ಮುಂದೆ ಭಾರವಾದರೆ ನೊಗವು ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದೆ ಭಾರವಾದರೆ ನೊಗ ಮೇಲೆದ್ದು ಕೊರಳ ಜೊತ್ತಿಗೆ ಬಿಗಿಯುತ್ತದೆ ಎಂದು ಹೇಳುತ್ತ, ಪೆಟ್ಟಿಗೆಯನ್ನು ಎರಡು ಸಲ ಸರಿಸಿಯೇ ಬಂಡಿಯನ್ನು ಹೊರಡಿಸಿದರು. ಒಟ್ಟು ಐದು ನಗ: ತಗಡಿನ ಟ್ರಂಕು, ಅಕ್ಕಿಯ ಚೀಲ, ಹಾಸಿಗೆಯ ಸುರುಳಿ, ಬುತ್ತಿಯ ಗಂಟು, ಮತ್ತು ಕೆಂಪು ವಸ್ತ್ರದಲ್ಲಿ ಕಟ್ಟಿದ ಅಜ್ಜನವರ ಕೈಬರಹದ ಕಟ್ಟು. ಹತ್ತುವಾಗ ಇಳಿಯುವಾಗ ‘ಐದು’ ಎಂದು ಗಟ್ಟಿಯಾಗಿ ಎಣಿಸಬೇಕೆಂಬುದು ನನಗೆ ವಹಿಸಿದ ಕೆಲಸ. ಬೀರೂರಿನಲ್ಲಿ ಇಳಿದೊಡನೆ ಟ್ರಂಕನ್ನೂ ಅಕ್ಕಿಯ ಚೀಲವನ್ನೂ ಪರಿಚಿತರ ಮಂಡಿಯೊಂದರಲ್ಲಿ ಇರಿಸಿದರು. ಮರಳಿ ಬರುವ ದಾರಿಯಲ್ಲೇ ಇರುವ ಊರಿಗೆ ಇಡೀ ಹೊರೆಯನ್ನು ಎಳೆದುಕೊಂಡು ಹೋಗುವುದು ಮೂರ್ಖತನ. ಕವಲು ದಾರಿಯಲ್ಲಿ ಇರಿಸಿ, ಬೇಕಾದಷ್ಟನ್ನು ಒಯ್ಯಬೇಕು ಎಂಬುದು ಅವರ ನೀತಿ. ಹಲವು ಊರು ಸುತ್ತುವವರಿಗೆ ಇದಕ್ಕಿಂತ ಉತ್ತಮವಾದ ಉಪದೇಶವನ್ನು ನಾನು ಈವರೆಗೆ ಕೇಳಿಲ್ಲ.

ತರೀಕೆರೆಯಿಂದ ಮರಳಿ ಬೀರೂರಿಗೆ ಬಂದಾಗ ಮುಂದಿನ ಗಾಡಿಗೆ ಹೊತ್ತು ಕಡಮೆಯಿದ್ದಿತು. ಮಂಡಿಯ ಆಳು ಟ್ರಂಕು, ಚೀಲಗಳನ್ನು ನಿಲ್ದಾಣಕ್ಕೆ ತಂದಿಳಿಸಿ ಹೋದನು. ತಂದೆಯವರು ಟಿಕೀಟಿಗೆ ಹೋಗುತ್ತ, ಹಮಾಲನೊಬ್ಬನನ್ನು ಕರೆದು ಸಾಮಾನನ್ನು ಆಚೆಯ ಕಟ್ಟೆಗೆ ಸಾಗಿಸೆಂದು ನನಗೆ ಎಂಟಾಣೆ ಕೊಟ್ಟರು. ವಯಸ್ಸಾದ ಹಮಾಲರೊಬ್ಬರು ತಾವಾಗಿಯೇ ಬಂದು ಕೇಳಿದರು. ಎಂಟಾಣೆಯನ್ನು ಉಳಿಸಿ ತಂದೆಯವರಿಗೆ ಮರಳಿ ಕೊಟ್ಟು ಮೆಚ್ಚಿಗೆ ಪಡೆಯಬೇಕೆಂಬ ಹುಡುಗಬುದ್ಧಿಯಿಂದ ನಾನು ಬೇಡವೆಂದೆನು. ಎರಡು ಸರತಿಯಲ್ಲಿ ನಾನೇ ಹೊತ್ತೆನು. ಮೊದಲ ಸರತಿಯಲ್ಲಿ ಕೈಬರಹದ ಕಟ್ಟನ್ನೂ ಬುತ್ತಿಯನ್ನೂ ಒಯ್ದು ಒಂದು ಬೆಂಚಿನ ಮೇಲಿಟ್ಟು, ಉಳಿದುದನ್ನು ತರುವಷ್ಟರಲ್ಲಿ ಗಾಡಿ ಬಂದು ನಿಂತಿತು, ನೂಕುನುಗ್ಗಲು, ಕೈಗೆ ಸಿಕ್ಕಿದುದನ್ನು ಒಳಗೆ ಹಾಕಿ ಹತ್ತಿದೆನು. ಎಣಿಸಲಿಲ್ಲ. ಕಡೂರಿನಲ್ಲಿ ಇಳಿದು ಎಣಿಸಿದಾಗ ನಾಲ್ಕು. ತಂದೆಯವರು ನನ್ನನ್ನು ಅಲ್ಲಿಯೇ ಬಿಟ್ಟು ಸಿಕ್ಕಿದ ಗಾಡಿಯಲ್ಲಿ ಬೀರೂರಿಗೆ ಮರಳಿದರು, ಬೆಂಚು ಬರಿದಾಗಿದ್ದಿತು. ಅವರು ನನ್ನನ್ನು ಬಯ್ಯಲಿಲ್ಲ. ತಿಂಗಳ ಮೇಲೆ ಮೈಸೂರಿಗೆ ಬರೆದ ಕಾಗದದ ಕೊನೆಯಲ್ಲಿ ಮಾತ್ರ, ಎಂಟಾಣೆಯ ಲೆಕ್ಕ ಸರಿಯಾಯಿತು, ನಗದ ಲೆಕ್ಕ ತಪ್ಪಿತು ಎಂದು ಒಂದು ಸಾಲು ಇದ್ದಿತು.

ಆ ಕಟ್ಟಿನಲ್ಲಿದ್ದುದರಲ್ಲಿ ಹೆಚ್ಚಿನವು ವೈದಿಕ ಪ್ರಯೋಗಗಳ ಪ್ರತಿಗಳು. ಅವು ಬೇರೆಡೆಯೂ ದೊರೆಯುತ್ತವೆ. ಮತ್ತೆಲ್ಲಿಯೂ ದೊರೆಯದಂಥದು ಒಂದಿದ್ದಿತು. ಅಜ್ಜನವರು ತಮ್ಮ ಯೌವನದಲ್ಲಿ ಬಂಡಿಯಲ್ಲಿಯೂ ಕಾಲುನಡೆಯಲ್ಲಿಯೂ ತರೀಕೆರೆ, ನರಸಿಂಹರಾಜಪುರ, ಕೊಪ್ಪಗಳ ಮೇಲೆ ಶೃಂಗೇರಿಗೆ ಹೋಗಿ ಬಂದ ಯಾತ್ರೆಯ ಲೆಕ್ಕ. ಹುಡುಗನಾಗಿದ್ದಾಗ ಅದನ್ನು ಓದಿದ ನೆನಪು ನನಗುಂಟು. ತಂಗಿದ ಒಂದೊಂದು ಊರಿನ ಕೆಳಗೂ, ಮುಂದಿನ ಊರಿನವರೆಗೆ ಗಂಟನ್ನು ಹೊತ್ತವನ ಹೆಸರು, ಕೊಟ್ಟ ಕೂಲಿ, ಬಡಿಸಿದ ಊಟ, ಇವನ್ನು ಸಾಲಾಗಿ ಬರೆದಿಟ್ಟಿದ್ದರು. ದೇವಸ್ಥಾನಗಳ ವರ್ಣನೆ ಎರಡು ಸಾಲು. ಹೊತ್ತವರ ಲೆಕ್ಕ ಹಲವು ಪುಟ. ಇದೇನು ವ್ಯರ್ಥವೆಂದು ಆಗ ಅನ್ನಿಸಿತ್ತು. ಈಗ ಈ ಲೇಖನವನ್ನು ಬರೆಯಲು ಕುಳಿತಾಗ, ನನಗೆ ಬೇಕಾದ ಮುಖ್ಯವಾದ ಆಧಾರವೇ ಅದೆಂದು ತಿಳಿಯುತ್ತಿದೆ. ನಮ್ಮ ಸೀಮೆಯ ಹೊರೆಯಾಳುಗಳ ಹೆಸರುಗಳು ಒಂದು ಕಡೆ ಬರೆ

ದಿಟ್ಟಿದ್ದುವು, ಅವನ್ನು ಕಳೆದವನು, ಒಬ್ಬ ಹೊರೆಯಾಳಿಗೆ ಎಂಟಾಣೆ ಕೊಡಲು ಹಿಂಜರಿದ ನಾನೇ. ಒಂದು ಹೆಸರನ್ನಾದರೂ ನೆನೆಯೋಣವೆಂದರೆ ಅದೂ ಬಾರದು. ಕೂಲಿಯ ಮುಂದೆ ‘ಸಂತೋಷದಿಂದ’ ಎಂದು ಕೆಲವೆಡೆ ಅಜ್ಜನವರು ಬರೆದಿದ್ದ ಶಬ್ದ ಮಾತ್ರ ಕಣ್ಣಿಗೆ ಕಟ್ಟಿದೆ.

ಈಗಿನ ಪ್ರಯಾಣವು ಬೇರೆ ಬಗೆಯದು. ೧೯೯೦ರ ದಶಕದಲ್ಲಿ ನಮ್ಮ ಹಳಿಗಳು ಬ್ರಾಡ್ ಗೇಜಿಗೆ ಮಾರ್ಪಟ್ಟವು. ೨೦೧೩ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಬಂದಿತು. ಮಣ ಸೇರುಗಳ ತೂಕ ಹೋಗಿ ಕಿಲೋಗ್ರಾಮು ಬಂದಿದೆ. ಸಾಮಾನ್ಯವಾದ ಎರಡನೆಯ ದರ್ಜೆಯವನು ೩೫ ಕಿಲೋಗ್ರಾಮನ್ನೂ, ಸ್ಲೀಪರ್ ದರ್ಜೆಯವನು ೪೦ ಕಿಲೋಗ್ರಾಮನ್ನೂ, ಹವಾನಿಯಂತ್ರಿತ ಮೊದಲ ದರ್ಜೆಯವನು ೭೦ ಕಿಲೋಗ್ರಾಮನ್ನೂ ಬೇರೆ ಬಾಡಿಗೆಯಿಲ್ಲದೆ ಒಯ್ಯಬಹುದೆಂದು ನಿಯಮ. ಕೆಲಸ ಹುಡುಕಿಕೊಂಡು ಮನೆಯನ್ನೇ ಮೂಟೆಕಟ್ಟಿ ಹೊರಟವನಿಗೆ ಕಡಮೆ, ಎರಡು ದಿನದ ಮದುವೆಗೆ ಹೊರಟ ಸಿರಿವಂತನಿಗೆ ಹೆಚ್ಚು. ೨೦೧೬ರಲ್ಲಿ ರೈಲ್ವೆಯ ಆಯವ್ಯಯವನ್ನು ಮಂಡಿಸುವಾಗ ಕೂಲಿಯವರನ್ನು ಇನ್ನು ಮೇಲೆ ‘ಸಹಾಯಕ’ರೆಂದು ಕರೆಯತಕ್ಕದ್ದೆಂದು ಸಾರಿದರು. ಹೆಸರು ಒಳ್ಳೆಯದೇ. ಆದರೆ ಪೆಟ್ಟಿಗೆಗಳಿಗೆಲ್ಲ ಗಾಲಿಗಳು ಬಂದು, ಪ್ರಯಾಣಿಕನು ತನ್ನ ಹೊರೆಯನ್ನು ತಾನೇ ಎಳೆದುಕೊಂಡು ಹೋಗುತ್ತಿರಲು, ಸಹಾಯಕನು ನಿಂತು ನೋಡುತ್ತಿದ್ದಾನೆ. ಹಿಂದೆ ಹೇರೆತ್ತಿನವರಿಗೆ ಆದುದು ಇವರಿಗೂ ಆಗದಿರಲಿ.

ಅಜ್ಜಂಪುರದಲ್ಲಿ ೧೯೨೯ರಲ್ಲಿ ಸ್ಥಾಪಿತವಾದ ಅಮೃತಮಹಲ್ ತಳಿ ಕೇಂದ್ರವು ಇಂದಿಗೂ ಇದೆ. ಕಾವಲುಗಳಲ್ಲಿ ಬಹುಭಾಗವು ಕೈಬಿಟ್ಟು ಹೋಗಿದ್ದರೂ ಉಳಿದ ನೆಲದಲ್ಲಿ ನೀಳವಾದ ಕೊಂಬಿನ ಆ ಮಂದೆಗಳು ಮೇಯುತ್ತವೆ. ಫಿರಂಗಿ ಎಳೆಯುವ ಕೆಲಸ ಅವುಗಳಿಗಿಲ್ಲ. ಊರಿನ ಬಂಡಿಗಳೂ ಅಪರೂಪವಾಗಿವೆ. ಹೊರೆಯಿಲ್ಲದ ಪ್ರಾಣಿಯನ್ನು ಏಕೆ ಪೊರೆಯಬೇಕೆಂದು ಕೇಳುವವರಿದ್ದಾರೆ. ೧೮೬೦ರಲ್ಲಿಯೂ ಹಾಗೆಯೇ ಕೇಳಿದ್ದರು. ನಮಗಾಗಿ ಹೊತ್ತವರನ್ನು ಹೊರೆ ತೀರಿದ ಮೇಲೂ ಪೊರೆಯುವುದು ದಯೆಯಲ್ಲ, ಬಾಕಿಯುಳಿದ ಕೂಲಿಯೆಂದೇ ನನ್ನ ತಿಳಿವಳಿಕೆ.

ಪ್ರಯಾಣ ಹೊರಡುವ ತರುಣರಿಗೆ ಇಷ್ಟನ್ನು ಅರಿಕೆ ಮಾಡುತ್ತೇನೆ. ಹಗುರವಾಗಿ ಹೊರಡಿರಿ. ಕವಲಿನಲ್ಲಿ ಇರಿಸಬಹುದಾದುದನ್ನು ಕವಲಿನಲ್ಲಿಯೇ ಇರಿಸಿರಿ. ಹತ್ತುವಾಗಲೂ ಇಳಿಯುವಾಗಲೂ ನಗಗಳನ್ನು ಬಾಯಿಬಿಟ್ಟು ಎಣಿಸಿರಿ. ಹೊರುವವನು ಬಂದು ಕೇಳಿದರೆ ಅವನ ಹೆಸರನ್ನು ಕೇಳಿ, ಅವನ ಕೂಲಿಯನ್ನು ಸಂತೋಷದಿಂದ ಕೊಡಿರಿ. ಸಾಧ್ಯವಾದರೆ ಒಂದು ಕಡೆ ಬರೆದಿಡಿರಿ.